ಫೋನಿನ ಬಾಕ್ಸ್ ಮೇಲೆ ಆ ಒಂದು ಸಂಖ್ಯೆಯನ್ನೂ ಬರೆಸಿ

ಇವರಿಗೆ,
ಮಾನ್ಯ ಕೇಂದ್ರ ಸಂಪರ್ಕ ಸಚಿವರು
ಹಾಗೂ ದೂರಸಂಪರ್ಕ ಇಲಾಖೆಯ ಕಾರ್ಯದರ್ಶಿಗಳು,
ಸಂಚಾರ ಭವನ, ನವದೆಹಲಿ.

ವಿಷಯ: ಮೊಬೈಲ್ ಫೋನಿನ ತರಂಗ ಪ್ರಮಾಣವನ್ನು ಮಾರುವ ಜಾಗದಲ್ಲೇ, ಕನ್ನಡದಲ್ಲಿ, ಗಿರಾಕಿಗೆ ತಿಳಿಸುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಪತ್ರ ಬರೆಯಲು ಕಾರಣವಾಗಿದ್ದು ಒಂದು ಫೋನ್ ಖರೀದಿ.

ನಮ್ಮ ಅಪ್ಪಯ್ಯನಿಗೆ 71 ವರ್ಷ. ಈ ವರ್ಷ ಅವರ ಎದೆಗೆ ಪೇಸ್‌ಮೇಕರ್ ಹಾಕಿದರು. ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಒಂದು ಮಾತು ಹೇಳಿದರು. "ಯಜಮಾನ್ರೇ, ಇನ್ನು ಫೋನನ್ನ ಎಡಗಡೆ ಜೇಬಲ್ಲಿ ಇಡಬೇಡಿ. ಎದೆಯಿಂದ ಒಂದು ಗೇಣು ದೂರ ಇರಲಿ. ಮಾತಾಡುವಾಗ ಬಲಗಿವಿಗೆ ಹಿಡೀರಿ." ಅಪ್ಪಯ್ಯ ಹದಿನೈದು ವರ್ಷದಿಂದ ಫೋನ್ ಇಟ್ಟುಕೊಂಡಿದ್ದು ಅಂಗಿಯ ಎಡ ಜೇಬಿನಲ್ಲೇ. ನಮ್ಮ ಕಡೆ ಗಂಡಸರ ಅಂಗಿಗೆ ಇರುವುದೇ ಅದೊಂದು ಜೇಬು. ಬೀಡಿ ಕಟ್ಟು, ಬಸ್ ಟಿಕೆಟ್, ಫೋನ್ ಎಲ್ಲ ಅಲ್ಲೇ.

ಹೊಸ ಫೋನ್ ತಗೊಳ್ಳೋಣ ಎಂದು ಪೇಟೆಗೆ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ಒಳ್ಳೆಯವನು. ಐದಾರು ಫೋನ್ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ಇದು 5000 ಎಂಎಎಚ್ ಬ್ಯಾಟರಿ, ಇದಕ್ಕೆ 50 ಮೆಗಾಪಿಕ್ಸೆಲ್ ಕ್ಯಾಮರಾ, ಇದರಲ್ಲಿ ಚಾರ್ಜ್ ಬೇಗ ಆಗುತ್ತೆ ಅಂತ ಒಂದೇ ಉಸಿರಿನಲ್ಲಿ ಹೇಳಿದ. ನಾನು ಕೇಳಿದೆ, "ಇದರ ಎಸ್‌ಎಆರ್ ಎಷ್ಟಿದೆ?" ಎಸ್‌ಎಆರ್ ಅಂದರೆ ಫೋನಿನ ತರಂಗ ಶಕ್ತಿಯನ್ನು ನಮ್ಮ ಮೈ ಎಷ್ಟು ಹೀರಿಕೊಳ್ಳುತ್ತದೆ ಅನ್ನುವ ಅಳತೆ.

"ಏನ್ ಮೇಡಂ, ರ್‍ಯಾಮಾ?"

"ಅಲ್ಲಪ್ಪ, ಎಸ್‌ಎಆರ್. ತರಂಗದ್ದು. ಬಾಕ್ಸ್ ಮೇಲೆ ಇದೆಯಾ ನೋಡು."

ಅವನು ನೋಡಿದ. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಬಾಕ್ಸ್‌ನ ಆರು ಮೈಯನ್ನೂ ತಿರುಗಿಸಿದೆವು. ಬೆಲೆ ಇತ್ತು, ಬಣ್ಣ ಇತ್ತು, ಫೋನಿನ ಗುರುತಿನ ಸಂಖ್ಯೆ ಐಎಂಇಐ ಇತ್ತು, ತಯಾರಾದ ತಿಂಗಳು ಇತ್ತು. ನಾನು ಹುಡುಕಿದ್ದು ಮಾತ್ರ ಇರಲಿಲ್ಲ. ಮಾಲೀಕರನ್ನು ಕರೆದ. ಅವರು ಇಪ್ಪತ್ತು ವರ್ಷದಿಂದ ಫೋನ್ ಮಾರುತ್ತಿರುವವರು. "ಇಷ್ಟು ವರ್ಷದಲ್ಲಿ ಇದನ್ನ ಕೇಳಿದ್ದು ನೀವೊಬ್ಬರೇ ಮೇಡಂ" ಅಂದರು. ಇದರಲ್ಲಿ ಅವರ ತಪ್ಪು ಏನೂ ಇಲ್ಲ. ಅವರಿಗೆ ಯಾರೂ ಹೇಳಿಲ್ಲ. ಕಂಪನಿಯ ಏಜೆಂಟ್ ಬಂದು ಕ್ಯಾಮರಾ ಬಗ್ಗೆ ಹೇಳಿ ಹೋಗುತ್ತಾನೆ, ಅಷ್ಟೇ.

ಆದರೆ ನಿಯಮ ಇದೆಯಲ್ಲ ಮಾನ್ಯರೇ. ನಿಮ್ಮ ಇಲಾಖೆಯೇ ಮಾಡಿದ್ದು. 2010ರ ಆಗಸ್ಟ್‌ನಲ್ಲಿ ಇಲಾಖೆ ಒಂದು ಅಂತರ ಸಚಿವಾಲಯ ಸಮಿತಿ ಮಾಡಿತು. ಆ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ 2012ರ ಸೆಪ್ಟೆಂಬರ್ 1ರಿಂದ ಹೊಸ ಮಿತಿ ಜಾರಿಗೆ ಬಂತು. ಎಸ್‌ಎಆರ್, ಅಂದರೆ ಫೋನ್‌ನಿಂದ ಬರುವ ತರಂಗ ಶಕ್ತಿಯನ್ನು ನಮ್ಮ ಮೈ ಹೀರಿಕೊಳ್ಳುವ ಪ್ರಮಾಣ, ಒಂದು ಕಿಲೋಗೆ 1.6 ವ್ಯಾಟ್ ದಾಟಬಾರದು. ಅದನ್ನು ಬರೀ 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಅಳೆಯಬೇಕು. ಅದಕ್ಕೂ ಮೊದಲು ನಮ್ಮಲ್ಲಿ ಇದ್ದದ್ದು ಯುರೋಪಿನವರ ಲೆಕ್ಕ, 10 ಗ್ರಾಂ ಸರಾಸರಿಯಲ್ಲಿ 2 ವ್ಯಾಟ್. ಅದನ್ನು ಬಿಟ್ಟು ಅಮೆರಿಕದವರು ಇಟ್ಟುಕೊಂಡಿರುವ ಬಿಗಿಯಾದ ಲೆಕ್ಕವನ್ನೇ ನೀವು ತಂದಿರಿ. ಟವರ್‌ಗಳ ಮಿತಿಯನ್ನಂತೂ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದಿರಿ. ಇದು ಒಳ್ಳೆಯ ಕೆಲಸ. ಮಕ್ಕಳಿಗೆ ಪಾಠದಲ್ಲಿ ಹೆಮ್ಮೆಯಿಂದಲೇ ಹೇಳುತ್ತೇನೆ.

ಆ ಸಮಿತಿ ಇನ್ನೊಂದು ಮಾತೂ ಹೇಳಿತ್ತು. ಗಿರಾಕಿ ಕೊಳ್ಳುವಾಗಲೇ ಈ ಸಂಖ್ಯೆ ಅವನಿಗೆ ಸಿಗಬೇಕು, ಮಾರುವ ಜಾಗದಲ್ಲೇ ಸಿಗಬೇಕು ಎಂದು. ನನ್ನ ದೂರು ಇರುವುದು ಇಲ್ಲೇ. ಮಿತಿ ಬಂತು. ಸಂಖ್ಯೆ ಅಂಗಡಿಯ ಗಾಜಿನ ತನಕ ಬರಲಿಲ್ಲ.

ಎಸ್‌ಎಆರ್ ತಿಳಿಯಲು ಫೋನಿನಲ್ಲೇ *#07# ಒತ್ತಿ ನೋಡಿ ಎಂದು ನೀವು ಹೇಳುತ್ತೀರಿ. ಅದನ್ನೂ ಮಾಡಿದೆ. ಮನೆಯಲ್ಲಿ ಮೂರು ಫೋನ್ ಇವೆ. ನನ್ನ ಫೋನಿನಲ್ಲಿ ತಲೆಗೆ ಇಷ್ಟು, ಮೈಗೆ ಇಷ್ಟು ಎಂದು ಎರಡು ಸಂಖ್ಯೆ ಇಂಗ್ಲಿಷಿನಲ್ಲಿ ಬಂದವು. ತಮ್ಮನ ಫೋನಿನಲ್ಲಿ ಯಾವುದೋ ವೆಬ್ ಪುಟ ತೆರೆಯಿತು. ನಮ್ಮ ಮನೆಯ ಸಿಗ್ನಲ್‌ನಲ್ಲಿ ಅದು ಕೊನೆಗೂ ಪೂರ್ತಿ ಬರಲೇ ಇಲ್ಲ. ಅಪ್ಪಯ್ಯನ ಕೀಪ್ಯಾಡ್ ಫೋನಿನಲ್ಲಿ ಏನೂ ಬರಲಿಲ್ಲ. ಹಸಿರು ಗುಂಡಿ ಒತ್ತಿದರೆ ಕರೆ ಹೋಗಲು ನೋಡಿತು, ಕಟ್ ಆಯಿತು. ಅಷ್ಟಕ್ಕೂ ಇದು ಫೋನ್ ತಗೊಂಡ ಮೇಲೆ ನೋಡುವ ದಾರಿ. ಅಂಗಡಿಯಲ್ಲಿ ಸೀಲ್ ಒಡೆಯದ ಬಾಕ್ಸ್ ಹಿಡಿದು ನಿಂತವರು ಏನು ಒತ್ತಬೇಕು?

ಐಎಂಇಐ ನೋಡಲು *#06# ಒತ್ತಬೇಕು ಅನ್ನುವುದು ಈಗ ನಮ್ಮ ಊರಿನ ಎಷ್ಟೋ ಜನಕ್ಕೆ ಗೊತ್ತು. ಕಳೆದ ಫೋನನ್ನು ಬ್ಲಾಕ್ ಮಾಡಿಸಲು ಸಂಚಾರ್ ಸಾಥಿ ತಂದಿರಿ, ಅದನ್ನು ಸಾರಿ ಸಾರಿ ಹೇಳಿದಿರಿ, ಜನ ಕಲಿತರು. ಹೇಳಿದರೆ ಕಲಿಯುತ್ತಾರೆ. ಅದರ ಪಕ್ಕದ ಸಂಖ್ಯೆ *#07# ಬಗ್ಗೆ ಯಾರೂ ಹೇಳಲಿಲ್ಲ.

ಇಷ್ಟು ಓದಿ, ಈಕೆ ಮೊಬೈಲ್ ಎಂದರೆ ಹೆದರುವವಳು ಅಂದುಕೊಳ್ಳಬೇಡಿ. ನಾನು ಹೆದರಿಸಲು ಬರೆಯುತ್ತಿಲ್ಲ. ಹೆದರಿಕೆ ನಮ್ಮೂರಿನಲ್ಲಿ ಈಗಾಗಲೇ ಜಾಸ್ತಿಯಾಗಿದೆ. ಅದು ಏನು ಮಾಡಿತು ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಎರಡು ವರ್ಷದ ಹಿಂದೆ ಒಂದು ಕಂಪನಿ ನಮ್ಮೂರಿನ ಅಂಚಿನಲ್ಲಿ ಟವರ್ ಹಾಕಲು ಬಂತು. ನಮಗೆ ಅದು ಬೇಕಾಗಿತ್ತು. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಕೂತದ್ದು ನಿಮಗೂ ಗೊತ್ತಿರಬಹುದು. ನನ್ನ ಮಕ್ಕಳೇ, ಅಂದರೆ ನನ್ನ ಶಾಲೆಯ ಮಕ್ಕಳೇ, ಜಡಿಮಳೆಯಲ್ಲಿ ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತಾ ನನ್ನ ಪಾಠ ಕೇಳಿದ್ದಾರೆ. ಹಾಗಿದ್ದರೂ ಗ್ರಾಮ ಸಭೆಯಲ್ಲಿ ಟವರ್ ಬೇಡ ಎಂದು ತೀರ್ಮಾನವಾಯಿತು. ಕ್ಯಾನ್ಸರ್ ಬರುತ್ತೆ ಅಂದರು ಒಬ್ಬರು. ಜೇನು ಹೋಗುತ್ತೆ ಅಂದರು ಇನ್ನೊಬ್ಬರು. ಬಸುರಿ ಹೆಂಗಸರ ಗತಿ ಏನು ಅಂತ ಒಬ್ಬಾಕೆ ಅಳುವ ದನಿಯಲ್ಲಿ ಕೇಳಿದರು. ಅವರನ್ನು ನಾನು ಹೀಗಳೆಯುವುದಿಲ್ಲ. ಮೊಮ್ಮಗುವಿನ ಮೇಲಿನ ಪ್ರೀತಿ ಅದು. ನಾನು ಎದ್ದು ನಿಂತು ಹೇಳಲು ನೋಡಿದೆ. "ಟವರ್‌ಗೂ ಮಿತಿ ಇದೆ, ಇಲಾಖೆಯವರು ಅಳೆಯುತ್ತಾರೆ" ಅಂದೆ. "ಎಷ್ಟಿದೆ, ಎಲ್ಲಿದೆ, ತೋರಿಸಿ ಟೀಚರ್ರೇ" ಅಂದರು. ತೋರಿಸಲು ನನ್ನ ಕೈಯಲ್ಲಿ ಒಂದು ಹಾಳೆ ಇರಲಿಲ್ಲ. ಕೂತೆ.

ಟವರ್ ಬರಲಿಲ್ಲ. ಈಗ ಊರಿನಲ್ಲಿ ಏನಾಗಿದೆ ಗೊತ್ತಾ? ಸಿಗ್ನಲ್ ಒಂದು ಕಡ್ಡಿ. ಮಳೆ ಬಂದರೆ ಅದೂ ಇಲ್ಲ. ತರಂಗದಿಂದ ದೂರ ಇರಬೇಕು ಅಂತ ಟವರ್ ಬಿಟ್ಟೆವು. ಹತ್ತಿರದ ಟವರ್ ಇಲ್ಲದ ಕಾರಣಕ್ಕೇ ಈಗ ನಮ್ಮ ಕಿವಿಯ ಪಕ್ಕದ ಫೋನ್ ಜೋರಾಗಿ ತರಂಗ ಬಿಡುತ್ತಿದೆ.

ಇದನ್ನು ಮಕ್ಕಳಿಗೆ ನಾನು ಹೀಗೆ ಹೇಳಿಕೊಡುತ್ತೇನೆ. ತೋಟದ ಆಚೆ ಇರುವವರನ್ನು ಕರೆಯಬೇಕಾದರೆ ಕೂಗಬೇಕು. ಜಗಲಿಯಲ್ಲಿ ಕೂತವರ ಹತ್ತಿರ ಪಿಸುಗುಟ್ಟಿದರೂ ಸಾಕು. ಫೋನೂ ಹಾಗೇ. ಟವರ್ ಹತ್ತಿರ ಇದ್ದರೆ, ಇಷ್ಟು ಶಕ್ತಿ ಸಾಕು ಎಂದು ಟವರೇ ಫೋನಿಗೆ ಹೇಳುತ್ತದೆ. ಫೋನ್ ದನಿ ತಗ್ಗಿಸುತ್ತದೆ. ದೂರ ಇದ್ದರೆ ಇರುವ ಶಕ್ತಿಯೆಲ್ಲ ಹಾಕಿ ಕೂಗುತ್ತದೆ. ಅಪ್ಪಯ್ಯನ 2ಜಿ ಫೋನ್ 900 ಮೆಗಾಹರ್ಟ್ಸ್‌ನಲ್ಲಿ ಕೂಗುವಾಗ 2 ವ್ಯಾಟ್ ತನಕ ಹೋಗಬಲ್ಲದು. ಎಂಟು ಪಾಲು ಹೊತ್ತಿನಲ್ಲಿ ಒಂದು ಪಾಲು ಮಾತ್ರ ಕೂಗುವುದರಿಂದ ಸರಾಸರಿ ಕಾಲು ವ್ಯಾಟ್. ಸಿಗ್ನಲ್ ಚೆನ್ನಾಗಿದ್ದರೆ ಅದೇ ಫೋನ್ ಕೆಲವೇ ಮಿಲಿವ್ಯಾಟ್‌ಗೆ ಇಳಿಯುತ್ತದೆ. 4ಜಿ ಫೋನಿನ ಗರಿಷ್ಠವೇ ಸುಮಾರು 0.2 ವ್ಯಾಟ್. ಅದು ಇನ್ನೂ ಕೆಳಗೆ ಇಳಿಯಬಲ್ಲದು.

ರೇಡಿಯೊ ಪಕ್ಕ ಹಳೆಯ ಫೋನ್ ಇಟ್ಟಾಗ, ಕರೆ ಬರುವ ಮೊದಲೇ "ಗರ್ ಗರ್" ಎಂದು ಸದ್ದು ಬರುವುದು ನೆನಪಿದೆಯಾ? ಅದು 2ಜಿ ಫೋನ್ ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ಕೂಗುವ ಸದ್ದು. ತರಗತಿಯಲ್ಲಿ ಅಪ್ಪಯ್ಯನ ಫೋನನ್ನು ಅವರದೇ ಹಳೆ ರೇಡಿಯೊ ಪಕ್ಕ ಇಟ್ಟು ತೋರಿಸುತ್ತೇನೆ. ಕಣ್ಣಿಗೆ ಕಾಣದ್ದನ್ನು ಕಿವಿಯಲ್ಲಿ ಕೇಳಿಸಿದಾಗ ಮಕ್ಕಳ ಮುಖ ನೋಡಬೇಕು ನೀವು.

ಉಪಕರಣ ಇಲ್ಲದವರಿಗೆ ಬ್ಯಾಟರಿಯೇ ಸಾಕ್ಷಿ. ನನ್ನ ಫೋನ್ ಶಿವಮೊಗ್ಗದಲ್ಲಿ ಇದ್ದ ದಿನ ರಾತ್ರಿ ತನಕ ಬರುತ್ತದೆ. ಮನೆಯಲ್ಲಿದ್ದ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಚಾರ್ಜ್ ಅರ್ಧಕ್ಕೆ ಇಳಿದಿರುತ್ತದೆ. ಹುಡುಕಿ ಹುಡುಕಿ ಕೂಗಿದ ದಣಿವು ಅದು. ಹಾಗಾಗಿ ನೆಟ್‌ವರ್ಕ್ ಸರಿ ಮಾಡುವುದು ಬರೀ ಅನುಕೂಲದ ಮಾತಲ್ಲ, ತರಂಗ ಸುರಕ್ಷತೆಯ ಕೆಲಸವೂ ಹೌದು ಎಂದು ಇಲಾಖೆ ಜನರಿಗೆ ಬಿಡಿಸಿ ಹೇಳಬೇಕು. ಇದನ್ನು ಯಾವ ಭಿತ್ತಿಪತ್ರದಲ್ಲೂ ನಾನು ಕಂಡಿಲ್ಲ.

ಇನ್ನು ಅಪಾಯ ಎಷ್ಟು ಅನ್ನುವ ಮಾತು. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೊಬೈಲಿನ ತರಂಗ ಎಕ್ಸ್‌ರೇ ತರಹದ್ದಲ್ಲ. ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವಷ್ಟು ಶಕ್ತಿ ಅದಕ್ಕೆ ಇಲ್ಲ. ಅದು ಮಾಡುತ್ತದೆ ಎಂದು ಖಚಿತವಾಗಿ ಗೊತ್ತಿರುವ ಕೆಲಸ ಮೈಯನ್ನು ತುಸು ಬಿಸಿ ಮಾಡುವುದು. ಆ ಬಿಸಿ ತೊಂದರೆ ಕೊಡುವ ಮಟ್ಟಕ್ಕಿಂತ ಬಹಳ ಕೆಳಗೆ ಮಿತಿಯನ್ನು ಇಟ್ಟಿದ್ದಾರೆ. 2011ರ ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. ಕ್ಯಾನ್ಸರ್‌ಗೆ ಕಾರಣ ಆಗಿರಬಹುದು, ಆದರೆ ಪುರಾವೆ ಸಾಲದು ಎಂಬ ಗುಂಪು ಅದು. 2018ರಲ್ಲಿ ಅಮೆರಿಕದಲ್ಲಿ ಇಲಿಗಳ ಮೇಲೆ ಮಾಡಿದ ದೊಡ್ಡ ಪ್ರಯೋಗದಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡಿತು. ಆದರೆ ಆ ಇಲಿಗಳ ಇಡೀ ಮೈಗೆ ದಿನಕ್ಕೆ ಒಂಬತ್ತು ಗಂಟೆ ತರಂಗ ಹಾಯಿಸಿದ್ದರು. ನಾವು ಫೋನ್ ಬಳಸುವ ರೀತಿಗೆ ಅದನ್ನು ಸೀದಾ ಹೋಲಿಸಲು ಆಗದು. ಆಮೇಲೆ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ಪರಿಶೀಲನೆ ಬಂತು. 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ.

ಇದು ನೆಮ್ಮದಿಯ ಸುದ್ದಿ. ಇದನ್ನು ಯಾರಾದರೂ ನಮ್ಮ ಗ್ರಾಮ ಸಭೆಯಲ್ಲಿ ಕನ್ನಡದಲ್ಲಿ ಹೇಳಿದ್ದಿದ್ದರೆ! 2021ರ ಮೇ ತಿಂಗಳಲ್ಲಿ 5ಜಿಯಿಂದ ಕೊರೊನಾ ಬರುತ್ತಿದೆ ಎಂಬ ಸುಳ್ಳು ಹಬ್ಬಿದಾಗ ನಿಮ್ಮ ಇಲಾಖೆ ಅದು ಸುಳ್ಳು ಎಂದು ಹೇಳಿಕೆ ಕೊಟ್ಟಿತು. 5ಜಿ ನಮ್ಮ ದೇಶದಲ್ಲಿ ಶುರುವಾದದ್ದೇ 2022ರ ಅಕ್ಟೋಬರ್‌ನಲ್ಲಿ. ಆದರೂ ವಾಟ್ಸಾಪ್‌ನಲ್ಲಿ ಬಂದ ಸುಳ್ಳು ನಮ್ಮೂರಿಗೆ ಮೊದಲು ಬಂತು. ನಿಮ್ಮ ಹೇಳಿಕೆ ಬರಲೇ ಇಲ್ಲ.

ಭಯ ಇರುವಲ್ಲಿ ಮಾರುವವರೂ ಬರುತ್ತಾರೆ. ನಮ್ಮ ಪೇಟೆಯ ಜಾತ್ರೆಯಲ್ಲಿ ಫೋನ್ ಹಿಂದೆ ಅಂಟಿಸುವ ಸಣ್ಣ ಚಿಪ್ ಒಂದನ್ನು ಮಾರುತ್ತಿದ್ದರು. "ರೇಡಿಯೇಷನ್ ಎಲ್ಲ ಎಳ್ಕೊಳ್ಳುತ್ತೆ" ಅಂದರು. ನಮ್ಮ ಪಕ್ಕದ ಮನೆಯ ಅಕ್ಕ ಬಸುರಿ ಮಗಳಿಗಾಗಿ ಎರಡು ತಂದರು. 2020ರಲ್ಲಿ ದೆಹಲಿಯಲ್ಲಿ ಸರ್ಕಾರಿ ಆಯೋಗವೊಂದರ ಅಧ್ಯಕ್ಷರೇ ಸಗಣಿಯ ಚಿಪ್ ತೋರಿಸಿ ಹೀಗೇ ಹೇಳಿದ್ದರು. ಪುರಾವೆ ಕೊಡಿ ಎಂದು 400ಕ್ಕೂ ಹೆಚ್ಚು ವಿಜ್ಞಾನಿಗಳು ಪತ್ರ ಬರೆದಿದ್ದರು. ಇಂಥ ಚಿಪ್ ಕೆಲಸ ಮಾಡದಿದ್ದರೆ ದುಡ್ಡು ಹೋಯಿತು, ಅಷ್ಟೇ. ಆಂಟೆನಾಗೆ ನಿಜಕ್ಕೂ ಅಡ್ಡ ಬಂದರೆ ಅದಕ್ಕಿಂತ ಕಷ್ಟ. ಸಿಗ್ನಲ್ ಸಿಗದ ಫೋನ್ ಇನ್ನೂ ಜೋರಾಗಿ ಕೂಗುತ್ತದೆ. ಅಮೆರಿಕದ ಗ್ರಾಹಕ ರಕ್ಷಣಾ ಆಯೋಗ ಅಲ್ಲಿನ ಜನರಿಗೆ ಇದೇ ಎಚ್ಚರಿಕೆ ಕೊಟ್ಟಿದೆ. ನಮಗೆ ಯಾರು ಕೊಡಬೇಕು?

ನೀವು ಒಂದು ಪ್ರಶ್ನೆ ಕೇಳಬಹುದು. ಮಿತಿಯೊಳಗೆ ಇರುವ ಫೋನ್‌ಗಳನ್ನೇ ಮಾರುತ್ತಾರೆ, ಮತ್ತೆ ಸಂಖ್ಯೆ ಯಾಕೆ, ಸುಮ್ನೆ ಗೊಂದಲ ಆಗುತ್ತೆ ಅಂತ. ಇದರಲ್ಲಿ ಒಂದಿಷ್ಟು ಸತ್ಯ ಇದೆ. ಎಸ್‌ಎಆರ್ ಅಳೆಯುವುದು ಮನುಷ್ಯನ ತಲೆಯಂಥ ಅಚ್ಚಿನಲ್ಲಿ ದ್ರವ ತುಂಬಿ, ಫೋನನ್ನು ಪೂರ್ತಿ ಶಕ್ತಿಯಲ್ಲಿ ಓಡಿಸಿ. 0.8 ಇರುವ ಫೋನ್ 1.2 ಇರುವ ಫೋನಿಗಿಂತ ದಿನದ ಬಳಕೆಯಲ್ಲಿ ಯಾವಾಗಲೂ ಕಡಿಮೆ ತರಂಗ ಕೊಡುತ್ತದೆ ಎಂದೇನೂ ಇಲ್ಲ. ಆಂಟೆನಾ ಚೆನ್ನಾಗಿದ್ದರೆ 1.2ರ ಫೋನೇ ಕಡಿಮೆ ಕೂಗಬಹುದು. ಇದು ನನಗೂ ಗೊತ್ತು. ಆದರೆ ಗೊಂದಲ ಆಗುತ್ತೆ ಅಂತ ಮುಚ್ಚಿಡುವುದು ಸರಿಯಲ್ಲ. ಸಂಖ್ಯೆಯ ಪಕ್ಕದಲ್ಲಿ ಎರಡು ಸಾಲು ಬಿಡಿಸಿ ಬರೆದರೆ ಆಯಿತು. ಹಾಲಿನ ಪ್ಯಾಕೆಟ್ ಮೇಲೆ ಕೊಬ್ಬಿನ ಅಂಶ ಬರೆಯುತ್ತೇವೆ. ಫ್ರಿಜ್ ಮೇಲೆ ಸ್ಟಾರ್ ಅಂಟಿಸುತ್ತೇವೆ. ಜನ ಅದನ್ನು ಓದಲು ಕಲಿತರು ಅಲ್ವಾ?

ಮಿತಿಯೊಳಗೇ ಇವೆ ಅನ್ನುವುದನ್ನೂ ಯಾರಾದರೂ ನೋಡುತ್ತಿರಬೇಕು. 2023ರ ಸೆಪ್ಟೆಂಬರ್ 12ರಂದು ಫ್ರಾನ್ಸ್‌ನ ತರಂಗ ನಿಯಂತ್ರಣ ಸಂಸ್ಥೆ ಐಫೋನ್ 12 ಮಾರಾಟ ನಿಲ್ಲಿಸಿ ಎಂದಿತು. ಫೋನ್ ಕೈಯಲ್ಲಿ ಅಥವಾ ಪ್ಯಾಂಟಿನ ಜೇಬಿನಲ್ಲಿ ಇರುವ ರೀತಿಯ ಪರೀಕ್ಷೆಯಲ್ಲಿ, ಕೈಕಾಲಿಗೆ ಅಲ್ಲಿ ಇಟ್ಟಿರುವ ಕಿಲೋಗೆ 4 ವ್ಯಾಟ್ ಮಿತಿಗೆ 5.74 ಬಂದಿತ್ತು. 2020ರಿಂದ ಲೋಕವೆಲ್ಲ ಮಾರಾಟವಾದ ಫೋನ್ ಅದು. ಆಪಲ್ ಕಂಪನಿ ಆ ಅಳತೆಯನ್ನು ಒಪ್ಪಲಿಲ್ಲ, ಆದರೂ ಫ್ರಾನ್ಸ್‌ನ ಫೋನ್‌ಗಳಿಗೆ ಸಾಫ್ಟ್‌ವೇರ್ ಬದಲಾಯಿಸಿ ಕೊಟ್ಟಿತು. ಅಂಗಡಿಯಿಂದಲೇ ಫೋನ್ ತಂದು ಅಳೆಯುವ ಅಭ್ಯಾಸ ಅಲ್ಲಿ ಇದೆ. ಅಳೆದ ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಅಂಗಡಿಯಲ್ಲಿ, ಜಾಹೀರಾತಿನಲ್ಲಿ ಕೂಡ ಎಸ್‌ಎಆರ್ ಬರೆಯಲೇಬೇಕು. ಜರ್ಮನಿಯಲ್ಲೂ ಸರ್ಕಾರದ ವಿಕಿರಣ ರಕ್ಷಣಾ ಕಚೇರಿ ಮಾಡೆಲ್‌ಗಳ ಪಟ್ಟಿಯನ್ನೇ ಇಟ್ಟಿದೆ. ನಮ್ಮಲ್ಲೂ ದೆಹಲಿಯ ಟೆಲಿಕಾಂ ಎಂಜಿನಿಯರಿಂಗ್ ಸೆಂಟರ್‌ನಲ್ಲಿ ಎಸ್‌ಎಆರ್ ಪ್ರಯೋಗಾಲಯ ಇದೆ. ಅಲ್ಲಿ ಯಾವ ಮಾಡೆಲ್ ಅಳೆದಿರಿ, ಎಷ್ಟು ಬಂತು, ನನ್ನಂಥವಳಿಗೆ ಕನ್ನಡದಲ್ಲಿ ಹುಡುಕಿದರೆ ಸಿಗಬೇಕು.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಫೋನಿನ ಬಾಕ್ಸ್ ಹೊರಗೆ, ಬೆಲೆ ಬರೆದ ಕಡೆಯೇ, ತಲೆಗೆ ಎಷ್ಟು, ಮೈಗೆ ಎಷ್ಟು, ಮಿತಿ 1.6 ಎಂದು ಮುದ್ರಿಸುವುದನ್ನು ಕಡ್ಡಾಯ ಮಾಡಿ. ಆನ್‌ಲೈನ್‌ನಲ್ಲಿ ಮಾರುವವರು ಕ್ಯಾಮರಾ, ಬ್ಯಾಟರಿ ಬರೆಯುವ ಪಟ್ಟಿಯಲ್ಲೇ ಇದನ್ನೂ ಬರೆಯಲಿ. ಕೀಪ್ಯಾಡ್ ಫೋನ್‌ಗಳನ್ನು ಬಿಟ್ಟುಬಿಡಬೇಡಿ. ಸಾಧಾರಣವಾಗಿ ನಮ್ಮ ಹಿರಿಯರು "ಇದು ಸಣ್ಣ ಫೋನು, ಇದರಿಂದ ಏನೂ ಆಗಲ್ಲ" ಅಂತಲೇ ಅದನ್ನು ಇಟ್ಟುಕೊಂಡಿರುತ್ತಾರೆ. ಆದರೆ ಸಿಗ್ನಲ್ ಚೆನ್ನಾಗಿರುವಲ್ಲಿ 2ಜಿಗಿಂತ 3ಜಿ ಫೋನ್ ಸುಮಾರು ನೂರು ಪಟ್ಟು ಕಡಿಮೆ ಶಕ್ತಿ ಬಿಡುತ್ತದೆ ಎಂದು ಆ 2011ರ ಕ್ಯಾನ್ಸರ್ ಸಂಸ್ಥೆಯ ತಜ್ಞರೇ ಹೇಳಿದ್ದಾರೆ. ಫೋನ್ ಸಣ್ಣದು ಎಂದ ಮಾತ್ರಕ್ಕೆ ತರಂಗ ಸಣ್ಣದಲ್ಲ.

ಸಂಖ್ಯೆಯ ಜೊತೆ ಬಳಸುವ ರೀತಿಯನ್ನೂ ಹೇಳಬೇಕು. ಈಗ ಅದೆಲ್ಲ ಬಾಕ್ಸ್ ಒಳಗಿನ ತೆಳ್ಳನೆ ಕಾಗದದಲ್ಲಿ, ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ಇದೆ. ನಾನೇ ಭೂತಕನ್ನಡಿ ಹಿಡಿದು ಓದಿದೆ. ಮೈಯಿಂದ ಇಷ್ಟು ಮಿಲಿಮೀಟರ್ ದೂರ ಇಟ್ಟು ಅಳೆದಿದ್ದೇವೆ ಎಂಬ ಸಾಲು ಅಲ್ಲಿದೆ. ಅಂದರೆ ಜೇಬಿಗೆ, ಮೈಗೆ ಅಂಟಿಸಿ ಇಟ್ಟುಕೊಂಡರೆ ಆ ಸಂಖ್ಯೆ ಅನ್ವಯ ಆಗುವುದಿಲ್ಲ. ಎಷ್ಟು ಮುಖ್ಯವಾದ ಮಾತು! ಪೇಸ್‌ಮೇಕರ್ ಇದ್ದವರು 15 ಸೆಂಟಿಮೀಟರ್ ದೂರ ಇಡಿ ಎಂಬುದೂ ಅದೇ ಕಾಗದದ ಕೊನೆಯಲ್ಲಿ ಇತ್ತು. ಈಗಿನ ಕೆಲವು ಫೋನ್‌ಗಳ ಬೆನ್ನಿನಲ್ಲಿ ಅಯಸ್ಕಾಂತವೂ ಇರುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಅದು ತರಂಗಕ್ಕಿಂತ ಹತ್ತಿರದ ತೊಂದರೆ. ಇದನ್ನು ಅಪ್ಪಯ್ಯನಂಥವರು ಓದಬೇಕಾದರೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರಬೇಕು. ಒಂದೇ ಹಾಳೆ ಸಾಕು. ಒಂದು ಕಡ್ಡಿ ಸಿಗ್ನಲ್ ಇರುವಲ್ಲಿ, ಓಡುವ ಬಸ್ಸಿನಲ್ಲಿ ಜಾಸ್ತಿ ಹೊತ್ತು ಮಾತಾಡಬೇಡಿ. ಉದ್ದದ ಮಾತು ಇದ್ದರೆ ಸ್ಪೀಕರ್ ಹಾಕಿ, ಇಲ್ಲವೇ ಇಯರ್‌ಫೋನ್ ಬಳಸಿ. ಕಿವಿಯಿಂದ ನಾಲ್ಕು ಬೆರಳು ದೂರ ಹೋದರೂ ತರಂಗ ಎಷ್ಟೋ ಕಡಿಮೆಯಾಗುತ್ತದೆ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬೇಡಿ. ಚಿಕ್ಕ ಮಕ್ಕಳ ಕಿವಿಗೆ ಹಿಡಿಸಬೇಡಿ. ಕಿವಿಗೆ ಹಿಡಿದಾಗ ಮಗುವಿನ ಮೆದುಳಿಗೆ ಸೇರುವ ಶಕ್ತಿ ದೊಡ್ಡವರಿಗಿಂತ ಸರಾಸರಿ ಎರಡು ಪಟ್ಟು ಎಂದು ಆ ಕ್ಯಾನ್ಸರ್ ಸಂಸ್ಥೆಯ ತಜ್ಞರೇ ಬರೆದಿದ್ದಾರೆ. ಇದಕ್ಕೆ ಯಾರೂ ಗಾಬರಿ ಬೀಳಬೇಕಾಗಿಲ್ಲ. ಅಜ್ಜಿ ಹತ್ತಿರ ಮಾತಾಡುವ ಮಗುವಿಗೆ ಸ್ಪೀಕರ್ ಹಾಕಿ ಕೊಟ್ಟರೆ ಮುಗಿಯಿತು.

ಟವರ್ ವಿಷಯದಲ್ಲೂ ಒಂದು ಕೋರಿಕೆ ಇದೆ. 2017ರ ಮೇ ತಿಂಗಳಲ್ಲಿ ತರಂಗ ಸಂಚಾರ್ ಪೋರ್ಟಲ್ ತಂದಿರಿ. ಯಾವ ಟವರ್ ಎಲ್ಲಿದೆ, ಮಿತಿಯೊಳಗೆ ಇದೆಯಾ ಎಂದು ಅದರಲ್ಲಿ ನೋಡಬಹುದು. ಬೇಕಾದವರ ಮನೆಗೆ ಬಂದು ಅಳೆದು ತೋರಿಸುವ ಏರ್ಪಾಡೂ ಮಾಡಿದಿರಿ. ಒಳ್ಳೆಯ ಯೋಚನೆ ಅದು. ಆದರೆ ಅದಕ್ಕೆ ಇಟ್ಟ ಶುಲ್ಕ 4000 ರೂಪಾಯಿ. ಕೂಲಿ ಮಾಡುವ ಮನೆಯವರು ತಮ್ಮ ಭಯ ಹೋಗಿಸಿಕೊಳ್ಳಲು ಇಷ್ಟು ಕೊಡಲಾರರು. ಗ್ರಾಮ ಪಂಚಾಯಿತಿ ಠರಾವು ಮಾಡಿ ಕೇಳಿದರೆ ಉಚಿತವಾಗಿ ಅಳೆದುಕೊಡಿ. ಬೆಂಗಳೂರಿನ ನಿಮ್ಮ ಕಚೇರಿಯ ಎಂಜಿನಿಯರ್ ಒಬ್ಬರು ಉಪಕರಣ ಹಿಡಿದು ಗ್ರಾಮ ಸಭೆಗೆ ಬರಲಿ. ಪಕ್ಕದ ಊರಿನ ಟವರ್ ಕೆಳಗೆ ಎಷ್ಟು, ನೂರು ಮೀಟರ್ ಆಚೆ ಎಷ್ಟು, ಶಾಲೆಯ ಅಂಗಳದಲ್ಲಿ ಎಷ್ಟು, ಆಮೇಲೆ ಕರೆಯಲ್ಲಿರುವ ಫೋನಿನ ಪಕ್ಕ ಎಷ್ಟು, ಎಲ್ಲರ ಎದುರು ಅಳೆದು ಓದಿ ಹೇಳಲಿ. 900 ಮೆಗಾಹರ್ಟ್ಸ್ ಟವರ್‌ಗೆ ಚದರ ಮೀಟರಿಗೆ 0.45 ವ್ಯಾಟ್ ಮಿತಿ ಎಂದು ಅಲ್ಲೇ ಬೋರ್ಡಿನ ಮೇಲೆ ಬರೆಯಲಿ. ಮಿತಿ ದಾಟಿದ ಟವರ್ ಇದ್ದರೆ ಅಲ್ಲೇ ನೋಟಿಸ್ ಕೊಡಲಿ. ಆವತ್ತು ಅಳುವ ದನಿಯಲ್ಲಿ ಕೇಳಿದ ಆ ತಾಯಿಗೆ ಉತ್ತರ ಸಿಗಲಿ. ನನ್ನ ಬಾಯಿಮಾತನ್ನು ಅವರು ನಂಬಲಿಲ್ಲ. ಯಾಕೆ ನಂಬಬೇಕು ಹೇಳಿ? ಮೀಟರಿನ ಮುಳ್ಳನ್ನು ನಂಬುತ್ತಾರೆ.

ಅಪ್ಪಯ್ಯನಿಗೆ ಕೊನೆಗೆ ಒಂದು 4ಜಿ ಫೋನ್ ತಗೊಂಡೆವು. ಊರಿನ ಟೈಲರ್ ಹತ್ತಿರ ಅವರ ಎಲ್ಲ ಅಂಗಿಗೂ ಬಲಗಡೆ ಕೆಳಗೆ ಒಂದು ಜೇಬು ಹೊಲಿಸಿದ್ದೇವೆ. ಮೊದಲ ವಾರ ಕೈ ಎಡಕ್ಕೇ ಹೋಗುತ್ತಿತ್ತು. ಈಗ ರೂಢಿಯಾಗಿದೆ.

ಆ ಅಂಗಡಿಯ ಮಾಲೀಕರ ಒಪ್ಪಿಗೆ ಕೇಳಿ, ನಾನು ಒಂದು ರಟ್ಟಿನ ಮೇಲೆ ಇದನ್ನೆಲ್ಲ ಸ್ಕೆಚ್ ಪೆನ್ನಿನಲ್ಲಿ ಬರೆದು ಕೌಂಟರ್ ಪಕ್ಕ ತೂಗುಹಾಕಿದ್ದೇನೆ. ಫೋನ್ ತಗೊಳ್ಳುವವರು ನಿಂತು ಓದುತ್ತಾರಂತೆ. ಕೆಲವರು *#07# ಒತ್ತಿಯೂ ನೋಡುತ್ತಾರಂತೆ. ಆದರೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ ಎಂದು ಮಾಲೀಕರು ಹೇಳಿದರು: "ಇದನ್ನ ಬರೆದವರು ಯಾರು? ಸರ್ಕಾರದವರಾ?" ಆ ರಟ್ಟಿನ ಜಾಗದಲ್ಲಿ ಹಾಕಲು ನಿಮ್ಮ ಇಲಾಖೆಯ ಮುದ್ರೆ ಇರುವ ಒಂದು ಕನ್ನಡದ ಹಾಳೆ ಕಳಿಸಿಕೊಡಿ. ನಮ್ಮ ತಾಲ್ಲೂಕಿನ ಎಲ್ಲ ಫೋನ್ ಅಂಗಡಿಗಳಿಗೆ ನಾನೇ ಹೋಗಿ ಅಂಟಿಸಿ ಬರುತ್ತೇನೆ.

ಗೌರವದೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.